ಗುಡಿಗೆ ಬೇಲಿ ಇದೆ, ಅರೆಗೆ?

ಪ್ರಶ್ನೆ: ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುತ್ತೇನೆ. ಊರಾಚೆಯ ಗೋಮಾಳದಲ್ಲಿ ಒಂದು ದೊಡ್ಡ ಅರೆ, ಅಂದರೆ ಹಾಸುಬಂಡೆ, ಇದೆ. ಹಿಂದೆ ಅದರ ಮೇಲೆ ರಾಗಿ, ಹುರುಳಿ ಒಕ್ಕುತ್ತಿದ್ದರು. ಅರೆಯ ತುಂಬ ಕಪ್ಪು-ಬಿಳಿ ಪಟ್ಟೆಗಳು ಸುತ್ತಿ ಮಡಚಿಕೊಂಡಿವೆ. ಅಲ್ಲಲ್ಲಿ ಕಪ್ಪು ಕಲ್ಲಿನ ತುಂಡುಗಳು ಹೂತುಕೊಂಡಿವೆ. ಇವೆಲ್ಲವನ್ನೂ ಸೀಳಿಕೊಂಡು ಕರಿಕಲ್ಲಿನ ಪಟ್ಟಿಯೊಂದು ನೇರವಾಗಿ ಹಾದುಹೋಗಿದೆ. ಈಗ ಅಲ್ಲಿ ಜಲ್ಲಿ ಕ್ವಾರಿಗೆ ಅರ್ಜಿ ಬಿದ್ದಿದೆಯಂತೆ. ಉಳಿಸೋಣ ಎಂದರೆ, "ಗುಡಿಯಾದರೆ ಸರಿ, ಶಾಸನವಾದರೂ ಸರಿ, ಬರೀ ಬಂಡೆಯಲ್ಲಿ ಏನಿದೆ ಮೇಷ್ಟ್ರೇ?" ಎನ್ನುತ್ತಾರೆ. ಭೂವೈಜ್ಞಾನಿಕ ಪರಂಪರೆ ಎನ್ನುವುದು ನಿಜಕ್ಕೂ ಇದೆಯೇ? ನಮ್ಮ ಹಾಸನ, ಚಿಕ್ಕಮಗಳೂರು ಸೀಮೆಯಲ್ಲಿ ಅದು ಎಲ್ಲಿದೆ? ನಮ್ಮ ಅರೆ ಆ ಲೆಕ್ಕಕ್ಕೆ ಬರುತ್ತದೆಯೇ?

ಉತ್ತರ: ಮೇಷ್ಟ್ರೇ, ಊರವರು ಕೇಳಿದ್ದು ನ್ಯಾಯವಾಗಿಯೇ ಇದೆ. ಮನೆಗೂ ರಸ್ತೆಗೂ ಜಲ್ಲಿ ಬೇಕು, ಬಂಡೆಗೆ ನಮ್ಮಲ್ಲಿ ಬರವಿಲ್ಲ. ಎಲ್ಲ ಬಂಡೆಯನ್ನೂ ಉಳಿಸಿ ಎಂದು ನಾನು ಹೇಳುವುದಿಲ್ಲ. ಕಲ್ಲುಕೋರೆ ಎಂದ ಕೂಡಲೇ ಹೌಹಾರುವವರ ಗುಂಪಿಗೂ ನಾನು ಸೇರಿದವನಲ್ಲ. ಎಷ್ಟೋ ಕಡೆ ಬಂಡೆಯ ಒಳಗು ನಮಗೆ ಕಂಡದ್ದೇ ಹಳೆಯ ಕ್ವಾರಿಯ ಗೋಡೆಯಲ್ಲಿ, ಘಾಟಿ ರಸ್ತೆ ಕಡಿದ ಜಾಗದಲ್ಲಿ. ಯಾವುದನ್ನು ಉಳಿಸಬೇಕು ಎಂದು ತೀರ್ಮಾನಿಸಲು ನಾನು ಕೇಳಿಕೊಳ್ಳುವುದು ಇಷ್ಟು: ಈ ಬಂಡೆ ಹೇಳುವ ಸಂಗತಿಯನ್ನು ಇಷ್ಟೇ ಸ್ಪಷ್ಟವಾಗಿ ಹೇಳುವ ಜಾಗ ಸುತ್ತಮುತ್ತ ಇನ್ನೊಂದು ಇದೆಯೇ? ಇದ್ದರೆ ಒಂದನ್ನು ಒಡೆಯಲಿ. ಇಲ್ಲದಿದ್ದರೆ ಅದು ಪರಂಪರೆ. ಗುಡಿ ಬಿದ್ದರೆ ನಕ್ಷೆ ನೋಡಿಕೊಂಡು ಮತ್ತೆ ನಿಲ್ಲಿಸುವ ಪ್ರಯತ್ನವನ್ನಾದರೂ ಮಾಡಬಹುದು. ಅರೆ ಕ್ರಶರ್‌ಗೆ ಬಿದ್ದರೆ ಅಲ್ಲಿಗೆ ಮುಗಿಯಿತು.

ಈಗ ನಿಮ್ಮ ಅರೆಗೆ ಬರೋಣ. ನೀವು ವರ್ಣಿಸಿದ ಪಟ್ಟೆ ಪಟ್ಟೆ ಕಲ್ಲು ನೈಸ್ ಶಿಲೆ. ಬಿಳಿ ಪಟ್ಟೆಯಲ್ಲಿ ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪು ಪಟ್ಟೆಯಲ್ಲಿ ಕಾಗೆಬಂಗಾರದ ಜಾತಿಯ ಕರಿ ಖನಿಜ ಮತ್ತು ಹಾರ್ನ್‌ಬ್ಲೆಂಡ್. ದಕ್ಷಿಣ ಭಾರತದ ತಳಪಾಯವಾಗಿರುವ ಈ ಶಿಲಾಕುಲಕ್ಕೆ ಪೆನಿನ್ಸುಲರ್ ನೈಸ್ ಎಂದು ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯ ಡಬ್ಲ್ಯು.ಎಫ್. ಸ್ಮೀತ್, 1916ರಲ್ಲಿ. ಬೆಂಗಳೂರಿನ ಲಾಲ್‌ಬಾಗ್ ಬಂಡೆ ಇದೇ ಕುಲದ್ದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿ ಫಲಕ ಹಾಕಿದ್ದಾರೆ. (ಫಲಕದ ಮುಂದೆ ಸೆಲ್ಫಿ ತೆಗೆದುಕೊಳ್ಳುವವರು ಬೇಕಾದಷ್ಟು, ಓದುವವರು ಕಡಿಮೆ.) ನಿಮ್ಮ ಪಕ್ಕದ ಗೊರೂರು ಮತ್ತು ಹಾಸನದ ಸುತ್ತಲ ನೈಸ್ ಈ ಕುಲದ ಹಿರಿಯರ ಸಾಲಿಗೆ ಸೇರಿದ್ದು. ವಯಸ್ಸು ಸುಮಾರು 330 ಕೋಟಿ ವರ್ಷ. ಭೂಮಿಗೇ ಸುಮಾರು 454 ಕೋಟಿ ವರ್ಷ ಎಂಬುದನ್ನು ನೆನಪಿಟ್ಟುಕೊಂಡರೆ, ಹೇಮಾವತಿಯ ದಂಡೆಯಲ್ಲಿ ನೀವು ಕಾಲಿಟ್ಟು ನಿಲ್ಲುವ ಕಲ್ಲು ಎಷ್ಟು ಹಿಂದಿನದು ಎಂದು ಅಂದಾಜು ಸಿಗುತ್ತದೆ.

ಅರೆಯಲ್ಲಿ ಹೂತುಕೊಂಡಿರುವ ಕಪ್ಪು ತುಂಡುಗಳನ್ನು ಮಕ್ಕಳಿಗೆ ಮೊದಲು ತೋರಿಸಿ. ಒಂದರೊಳಗೆ ಇನ್ನೊಂದು ಸಿಕ್ಕಿಕೊಂಡಿದ್ದರೆ ಒಳಗಿರುವುದೇ ಹಳೆಯದು. ಆ ತುಂಡುಗಳು ನೈಸ್‌ಗಿಂತ ಮೊದಲಿದ್ದ ನೆಲದ ಅವಶೇಷ. ಕೆಳಗಿನಿಂದ ಬಂದ ಶಿಲಾಪಾಕ, ಅಂದರೆ ಕರಗಿದ ಕಲ್ಲು, ಆ ನೆಲವನ್ನು ಒಡೆದು ನುಂಗಿತು. ಆಮೇಲೆ ಎರಡೂ ಸೇರಿ ಆಳದ ಕಾವು, ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡವು. ಎಲ್ಲವೂ ತಣ್ಣಗಾಗಿ ಗಡುಸಾದ ಎಷ್ಟೋ ಕಾಲದ ಮೇಲೆ ಬಿರುಕೊಂದು ಬಿಟ್ಟು, ಅದರೊಳಗೆ ಕರಿ ಶಿಲಾಪಾಕ ನುಗ್ಗಿ ಗಟ್ಟಿಯಾಯಿತು. ಅದೇ ನೀವು ಕಂಡ ನೇರ ಪಟ್ಟಿ, ಡಾಲರೈಟ್ ಡೈಕ್. ನಮ್ಮ ಭಾಗದ ಇಂಥ ಡೈಕ್‌ಗಳಲ್ಲಿ ಹಲವು 240ರಿಂದ 180 ಕೋಟಿ ವರ್ಷಗಳಷ್ಟು ಹಳೆಯವು. ಮಡಿಕೆಗಳನ್ನು ಅದು ಕತ್ತರಿಸಿಕೊಂಡು ಹೋಗಿದೆ, ತಾನು ಮಡಚಿಕೊಂಡಿಲ್ಲ. ಹಾಗಾದರೆ ಮಡಚಿದ್ದು ಮೊದಲೋ, ಡೈಕ್ ಮೊದಲೋ? ಒಂಬತ್ತನೇ ತರಗತಿಯ ಮಗು ಇದನ್ನು ತಾನೇ ತರ್ಕಿಸಿ ಹೇಳುತ್ತದೆ. ಸುಮಾರು 100 ಕೋಟಿ ವರ್ಷದ ಘಟನೆಗಳ ಕ್ರಮವನ್ನು ಪುಸ್ತಕವಿಲ್ಲದೆ ಬರಿಗಣ್ಣಿನಿಂದ ಓದಬಹುದಾದ ಅರೆ ಪ್ರತಿ ಊರಲ್ಲೂ ಸಿಗುವುದಿಲ್ಲ.

ಊರವರಿಗೆ ಹೇಳಲು ಇನ್ನೊಂದು ಮಾತಿದೆ. ನಮ್ಮ ಬಯಲುಸೀಮೆಯಲ್ಲಿ ನೀರು ನಿಲ್ಲುವುದು ಬಂಡೆಯ ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ, ಬೇರೆಲ್ಲೂ ಅಲ್ಲ. ಡೈಕ್ ನೆಲದೊಳಗೆ ಅಡ್ಡಗೋಡೆಯಾಗಿ ನಿಂತಾಗ ಅಂತರ್ಜಲ ಒಂದು ಮಗ್ಗುಲಲ್ಲಿ ತಡೆದು ನಿಲ್ಲುತ್ತದೆ. ಪಕ್ಕಪಕ್ಕದ ಎರಡು ಹೊಲಗಳಲ್ಲಿ ಒಂದರ ಬೋರ್‌ವೆಲ್‌ಗೆ ನೀರು, ಇನ್ನೊಂದಕ್ಕೆ ಬರೀ ಧೂಳು ಬಂದರೆ ಅದೃಷ್ಟವನ್ನು ಬಯ್ಯುವ ಮೊದಲು ಕರಿಕಲ್ಲಿನ ಪಟ್ಟಿ ಎಲ್ಲಿ ಹಾದಿದೆ ಎಂದು ನೋಡುವುದು ಒಳ್ಳೆಯದು. ಅರಸೀಕೆರೆ, ಕಡೂರು ಕಡೆ ಇಷ್ಟೊಂದು ಕೆರೆಗಳನ್ನು ಕಟ್ಟಿದ್ದರ ಹಿಂದೆಯೂ ಈ ನೈಸ್‌ನ ಗುಣವಿದೆ. ಬಾಬಾಬುಡನ್ ಸಾಲು ಮಳೆಯನ್ನು ತಡೆಯುತ್ತದೆ, ಗಟ್ಟಿ ತಳದ ನೆಲ ನೀರನ್ನು ಆಳಕ್ಕೆ ಬಿಡುವುದಿಲ್ಲ. ಬಿದ್ದ ನೀರನ್ನು ತಗ್ಗಿನಲ್ಲಿ ಏರಿ ಹಾಕಿ ಹಿಡಿಯದೆ ಬೇರೆ ದಾರಿ ಇರಲಿಲ್ಲ. ಸಖರಾಯಪಟ್ಟಣದ ಅಯ್ಯನಕೆರೆಯ ಏರಿಯ ಮೇಲೆ ನಿಂತು ಸುತ್ತಲ ಗುಡ್ಡಗಳನ್ನು ನೋಡಿದರೆ ಜಾಗ ಆರಿಸಿದವರ ಕಣ್ಣು ಎಷ್ಟು ಸೂಕ್ಷ್ಮವಾಗಿತ್ತು ಎಂದು ತಿಳಿಯುತ್ತದೆ.

ಇನ್ನು ನಿಮ್ಮ ತಾಲ್ಲೂಕಿನ ನಿಜವಾದ ಸಂಪತ್ತಿನ ವಿಷಯ. ಹೊಳೆನರಸೀಪುರದ ಪದರಶಿಲೆಯ (ಹಾಳೆ ಹಾಳೆಯಾಗಿ ಸೀಳುವ ಕಲ್ಲು) ಪಟ್ಟಿ, ಅದರ ಪೂರ್ವಕ್ಕೆ ಅರಸೀಕೆರೆ ಕಡೆಯಿಂದ ಚನ್ನರಾಯಪಟ್ಟಣ ತಾಲ್ಲೂಕಿನತ್ತ ಇಳಿಯುವ ನುಗ್ಗೇಹಳ್ಳಿ ಪಟ್ಟಿ: ಇವೆರಡನ್ನೂ ನೋಡಲು ಪ್ರಪಂಚದ ನಾನಾ ಕಡೆಯಿಂದ ಭೂವಿಜ್ಞಾನಿಗಳು ಬಂದಿದ್ದಾರೆ. ಇಲ್ಲಿರುವ ಕೊಮಾಟಿಯೈಟ್ ಎಂಬ ಲಾವಾ ಈಗ ಭೂಮಿಯ ಮೇಲೆ ಎಲ್ಲೂ ಉಕ್ಕುವುದಿಲ್ಲ. ಇಂದಿನ ಹವಾಯಿ ಲಾವಾದ ಕಾವು ಸುಮಾರು 1,200 ಡಿಗ್ರಿ ಸೆಲ್ಸಿಯಸ್; ಕೊಮಾಟಿಯೈಟ್ ಉಕ್ಕಿದ್ದು 1,600 ಡಿಗ್ರಿಯ ಆಸುಪಾಸಿನಲ್ಲಿ. ಭೂಮಿಯ ಒಡಲು ಆಗ ಅಷ್ಟು ಬಿಸಿಯಾಗಿತ್ತು ಎಂಬುದಕ್ಕೆ ಈ ಕಲ್ಲೇ ಸಾಕ್ಷಿ. ಮೆಗ್ನೀಸಿಯಂ ತುಂಬಿದ ಇದೇ ಬಳಗದ ಶಿಲಾಪಾಕದಿಂದ ಭೈರಾಪುರದ ಕ್ರೋಮೈಟ್ ಅದಿರು ಬಂತು, ವೆನೇಡಿಯಂ ಇರುವ ಮ್ಯಾಗ್ನಟೈಟ್ ಬಂತು.

ಬಳಪದ ಕಲ್ಲು ಬಂದದ್ದೂ ಈ ಜಾತಿಯ ಶಿಲೆಯಿಂದಲೇ. ನಮ್ಮ ಸೀಮೆಯ ಚರಿತ್ರೆಗೆ ಭೂವಿಜ್ಞಾನ ಕೈಹಾಕುವುದು ಇಲ್ಲಿ. ಮೆಗ್ನೀಸಿಯಂ ಹೆಚ್ಚಿರುವ ಶಿಲೆಗೆ ಆಳದಲ್ಲಿ ಬಿಸಿನೀರು, ಇಂಗಾಲದ ಡೈಆಕ್ಸೈಡ್ ತಾಗಿದಾಗ ಅದರ ಗಡುಸು ಖನಿಜಗಳು ಟಾಲ್ಕ್, ಕ್ಲೋರೈಟ್‌ಗಳಾಗಿ ಬದಲಾಗುತ್ತವೆ. ಖನಿಜಗಳ ಗಡಸುತನವನ್ನು ಒಂದರಿಂದ ಹತ್ತರವರೆಗೆ ಅಳೆಯುವ ಮೋಸ್ ಪಟ್ಟಿಯಲ್ಲಿ ಟಾಲ್ಕ್‌ಗೆ ಒಂದನೇ ಸ್ಥಾನ, ಉಗುರಿನಿಂದಲೇ ಗೀರಬಹುದು. ಬೆಣಚಿಗೆ ಏಳು. ಉಳಿ ಹಿಡಿದವನಿಗೆ ಈ ವ್ಯತ್ಯಾಸ ಎಂದರೆ ಏನೆಂದು ಯೋಚಿಸಿ. ಬೇಲೂರಿನ ಚೆನ್ನಕೇಶವ ಗುಡಿ 1117ರಲ್ಲಿ ಪ್ರತಿಷ್ಠೆಯಾಯಿತು. ಅಲ್ಲಿನ ಮದನಿಕೆಯರ ಬಳೆ, ಹಾರದ ಎಳೆ, ಹಣ್ಣಿನ ಮೇಲೆ ಕೂತ ನೊಣ ಇವೆಲ್ಲ ಬೆಣಚು ತುಂಬಿದ ನೈಸ್‌ನಲ್ಲಿ ಆಗುವ ಕೆಲಸವಲ್ಲ. ತಿರುಗಣಿಯ ಮೇಲೆ ಕಡೆದಂತಿರುವ ಆ ಉರುಟು ಕಂಬಗಳೂ ಅಷ್ಟೆ. ಅದು ಕ್ಲೋರೈಟ್ ಹೆಚ್ಚಿರುವ ಪದರಶಿಲೆ, ನೆಲದಿಂದ ಹೊಸದಾಗಿ ತೆಗೆದಾಗ ಮೆದು, ಗಾಳಿಗೆ ಒಡ್ಡಿಕೊಂಡಂತೆ ಬಿಗಿಯಾಗುತ್ತದೆ. ಹಳೇಬೀಡು, ದೊಡ್ಡಗದ್ದವಳ್ಳಿ, ಅರಸೀಕೆರೆ, ಹಾರನಹಳ್ಳಿ, ತರೀಕೆರೆ ತಾಲ್ಲೂಕಿನ ಅಮೃತಪುರ, ಎಲ್ಲೆಡೆ ಈ ಕಲ್ಲಿನದೇ ಕಾರುಬಾರು. ಮಲ್ಲಿತಮ್ಮ, ಬೈಚೋಜರಂಥವರ ಉಳಿ ಆಡಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯ (1246) ನಿಂತಿರುವುದಂತೂ ಆ ಪಟ್ಟಿಯ ಹೆಸರಿನ ಊರಲ್ಲೇ.

ಶಿಲ್ಪಿಗಳ ಹೆಸರನ್ನು ಶಾಸನಗಳಿಂದ ಹುಡುಕಿ ತೆಗೆದಿದ್ದೇವೆ, ಸಂತೋಷ. ಆ ಶಿಲ್ಪಿಗೆ ಕೈ ಕೊಟ್ಟ ಕಲ್ಲಿನ ವಿಚಾರವನ್ನು ಮಾತ್ರ ಗೈಡುಗಳು ಅರ್ಧ ವಾಕ್ಯದಲ್ಲಿ ಮುಗಿಸುತ್ತಾರೆ. ಹೊಯ್ಸಳರ ಗುಡಿಗಳ ಸಮೂಹ 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ಕಾನೂನಿದೆ. ಬಳಪದ ಕಲ್ಲು ತೆಗೆದ ಹಳೆಯ ಗುಂಡಿಗಳಿಗೆ ಆ ಬೇಲಿ ಇಲ್ಲ. ಹೊಲದ ಬದುವಿನಲ್ಲಿ ಉಳಿಯ ಗುರುತಿರುವ ಹಳೆಯ ಗುಂಡಿ ನಿಮ್ಮ ಕಣ್ಣಿಗೆ ಬಿದ್ದರೆ ಅದನ್ನು ದೇವಾಲಯದ ಒಂದು ಅಂಗವೆಂದೇ ಎಣಿಸಿ. ಇದು ಅರಮನೆ, ಗುಡಿಗಷ್ಟೇ ಸೇರಿದ ಕಲ್ಲೂ ಅಲ್ಲ. ಅಜ್ಜಿಯರು ಮಜ್ಜಿಗೆ, ಉಪ್ಪಿನಕಾಯಿ ಇಡುತ್ತಿದ್ದ ಮಲೆನಾಡಿನ ಕಲ್ಲುಮರಿಗೆ ಇದರದ್ದೇ.

ಮೆದು ಕಲ್ಲಿನ ಕತೆ ಹೀಗಾದರೆ, ಗಡುಸು ಕಲ್ಲಿನದು ಶ್ರವಣಬೆಳಗೊಳದಲ್ಲಿದೆ. ಅಲ್ಲಿ ನಾಜೂಕು ಕುಸುರಿಗೆ ಜಾಗವಿಲ್ಲ. ಅದಕ್ಕೇ ಗೊಮ್ಮಟ ಅಷ್ಟು ಸರಳ, ಅಷ್ಟು ನುಣುಪು. ದೊಡ್ಡಬೆಟ್ಟವೆಂದರೆ ಒಂದೇ ಬೋಳು ಗ್ರಾನೈಟ್ ಗುಮ್ಮಟ. ಮೇಲಿದ್ದ ಭಾರ ಸವೆದು ಇಳಿದಂತೆ ಇಂಥ ಬಂಡೆ ಹಿಗ್ಗಿ, ಮೈಗೆ ಸಮನಾಗಿ ಪದರ ಪದರವಾಗಿ ಸಿಪ್ಪೆ ಬಿಡುತ್ತದೆ. ಗಟ್ಟಿಯಾಗಿ ಉಳಿದ ಭಾಗ ಗುಂಡಾಗಿ ನೆತ್ತಿಯಲ್ಲಿ ನಿಲ್ಲುತ್ತದೆ. ಚಾವುಂಡರಾಯನ ಕಾಲದಲ್ಲಿ, 981ರ ಸುಮಾರಿಗೆ, ಬಿರುಕಿಲ್ಲದ ಅಂಥ ಒಂದು ಬಂಡೆಯನ್ನು ಹೊರಗಿನಿಂದ ಸಾಗಿಸದೆ ಇದ್ದಲ್ಲೇ ಕಡೆದು 57 ಅಡಿಯ ಮೂರ್ತಿ ತೆಗೆದರು. ತೊಡೆಯಿಂದ ಮೇಲಕ್ಕೆ ಅದಕ್ಕೆ ಯಾವ ಆಧಾರವೂ ಇಲ್ಲ. ಎದುರಿನ ಚಿಕ್ಕಬೆಟ್ಟದಲ್ಲಿ ಕ್ರಿ.ಶ. 600ರ ಸುಮಾರಿನ ಬರಹದಿಂದ ಹಿಡಿದು ಎಷ್ಟೋ ಶಾಸನಗಳನ್ನು ನೇರ ಹಾಸುಬಂಡೆಯ ಮೇಲೇ ಕೊರೆದಿದ್ದಾರೆ. ಬಂಡೆ ಒಡೆದರೆ ಶಾಸನವೂ ಹೋಯಿತು ಎಂಬುದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮಕ್ಕಳನ್ನು ಪ್ರವಾಸ ಕರೆದುಕೊಂಡು ಹೋಗುವುದಾದರೆ ನನ್ನ ಮೊದಲ ಆಯ್ಕೆ ಬೇಲೂರಲ್ಲ, ಚಿಕ್ಕಮಗಳೂರು. ಊರ ಪಕ್ಕದ ಕರ್ತಿಕೆರೆಯಿಂದ ಮುಳ್ಳಯ್ಯನಗಿರಿಯ ತುದಿಯವರೆಗೆ ಹೋಗುವುದೆಂದರೆ ಗಾಳಿಯಲ್ಲಿ ಆಮ್ಲಜನಕವೇ ಇಲ್ಲದ ಕಾಲದಿಂದ, ಅದು ಸಮುದ್ರದಲ್ಲಿ ತಲೆ ಎತ್ತುವ ಕಾಲದತ್ತ ಹತ್ತಿದಂತೆ. ಉತ್ಪ್ರೇಕ್ಷೆ ಎನಿಸಿದರೆ ಮುಂದೆ ಓದಿ.

ಬಾಬಾಬುಡನ್ ಶಿಲಾಸ್ತರಗಳ ಬುಡದಲ್ಲಿರುವುದು ಬೆಣಚಿನ ಉರುಟುಗಲ್ಲುಗಳ ಪದರ. ಭೂವಿಜ್ಞಾನದಲ್ಲಿ ಅದಕ್ಕೆ ಕರ್ತಿಕೆರೆಯದೇ ಹೆಸರು. ನೋಡಲು ಥೇಟ್ ಕಡಲೆಬೀಜದ ಚಿಕ್ಕಿ: ನುಣ್ಣಗಾದ ಬೆಣಚಿನ ಹರಳುಗಳು, ನಡುವೆ ಅವನ್ನು ಹಿಡಿದಿಟ್ಟ ಮರಳು. ಹಳೆಯ ನೈಸ್ ನೆಲ ಮೇಲೆದ್ದು, ಮಳೆಗೆ ಬಿಸಿಲಿಗೆ ಸವೆದು, ಅದರ ಮೇಲೆ ನದಿಗಳು ಹರಿದು ಉರುಳಿಸಿ ತಂದು ಹಾಸಿದ ಕಲ್ಲುಗಳಿವು, 290 ಕೋಟಿ ವರ್ಷಗಳ ಆಸುಪಾಸಿನವು. ಪದರದ ಕೆಳಗಿನ ಕಲ್ಲಿಗೂ ಇದಕ್ಕೂ ನಡುವೆ ಕೋಟ್ಯಂತರ ವರ್ಷದ ಅಂತರ. ಅಷ್ಟು ಕಾಲದ ದಾಖಲೆಯೇ ಸವೆದು ಹೋಗಿದೆ. ಆ ಗೆರೆಯ ಮೇಲೆ ಬೆರಳಿಡಬಹುದು.

ಕಳಸಾಪುರದ ಕಡೆ ಇದೇ ಜಾತಿಯ ಪದರಗಳಲ್ಲಿ ನದಿ ಉರುಳಿಸಿ ತಂದ ಪೈರೈಟ್ (ಕಬ್ಬಿಣ, ಗಂಧಕದ ಖನಿಜ) ಮತ್ತು ಯುರನಿನೈಟ್ (ಯುರೇನಿಯಂ ಖನಿಜ) ಕಣಗಳು ಸಿಕ್ಕಿವೆ. ಇಂದು ಹೊಳೆಯಲ್ಲಿ ಪೈರೈಟ್ ಹಾಗೆ ಉರುಳುತ್ತ ಬಂದರೆ ತುಕ್ಕು ಹಿಡಿದು ಮಾಯವಾಗುತ್ತದೆ, ಯುರನಿನೈಟ್ ಕರಗಿಹೋಗುತ್ತದೆ. ಅವು ಹಾಗೇ ಉಳಿದು ಪದರ ಸೇರಿವೆ ಎಂದರೆ ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಎಂದೇ ಅರ್ಥ. ಮೇಲೆ ಹತ್ತುತ್ತ ಹೋದರೆ ಅಲೆಯ ಗುರುತು ಉಳಿದಿರುವ ಬೆಣಚುಶಿಲೆ, ಆಮೇಲೆ ಒಂದರ ಮೇಲೊಂದು ಲಾವಾ ಪದರಗಳು, ಕೊನೆಗೆ ತುದಿಯಲ್ಲಿ ಕಬ್ಬಿಣದ ಪಟ್ಟೆಗಲ್ಲು. ಕಬ್ಬಿಣದ ಆಕ್ಸೈಡ್ ಒಂದೆಳೆ, ಬೆಣಚು ಒಂದೆಳೆ, ನೂರಾರು ಎಳೆ. ಸಮುದ್ರದ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕೆ ಇಳಿದು ಕೂತದ್ದು, ಸುಮಾರು 270 ಕೋಟಿ ವರ್ಷಗಳ ಹಿಂದೆ. ಬೆಳಕಿನಿಂದ ಆಹಾರ ಮಾಡಿಕೊಳ್ಳುವ ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕ ಅದಕ್ಕೆ ಕಾರಣವೆಂದು ಬಹುಪಾಲು ಜನ ಒಪ್ಪುತ್ತಾರೆ, ಬೇರೆ ವಾದಗಳೂ ಇವೆ. ಈ ಪಟ್ಟೆಗಲ್ಲು ಸುಲಭಕ್ಕೆ ಸವೆಯದು. ಸುತ್ತಲಿನದು ಕರಗಿ ಇಳಿಯಿತು, ಇದು ಉಳಿಯಿತು. ಕರ್ನಾಟಕದ ಅತಿ ಎತ್ತರದ ಶಿಖರ, 1,925 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಹಾಗೆ ಎತ್ತರವಾದದ್ದು. ಗುಡಿಯ ಮುಂದೆ ಕೈಮುಗಿಯುವವರ ಕಾಲಡಿ ಇರುವುದು ಹಳೆಯ ಸಮುದ್ರದ ತಳ.

ಆ ಸಾಲಿನ ಕಬ್ಬಿಣ ನಮ್ಮ ಜನಜೀವನಕ್ಕೂ ಇಳಿದು ಬಂದಿದೆ. ಕೆಮ್ಮಣ್ಣುಗುಂಡಿಯ ಅದಿರು ರೋಪ್‌ವೇಯಲ್ಲಿ ಇಳಿದು ಭದ್ರಾವತಿಯ ಕುಲುಮೆಗೆ ಹೋಗುತ್ತಿತ್ತು. ಆಚೆ ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪನೆಯಾದ ಕಂಪನಿ ಮ್ಯಾಗ್ನಟೈಟ್ ಗಣಿ ನಡೆಸಿತು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಆ ಹೋರಾಟದಲ್ಲಿ ಕಾಡು, ಸಿಂಗಳೀಕ, ಭದ್ರಾ ನದಿಯ ಹೆಸರು ಕೇಳಿಬಂತು, ಕಲ್ಲಿನ ಹೆಸರು ಬರಲಿಲ್ಲ. ಬರಬೇಕಿತ್ತೆಂದು ನನ್ನ ವಾದವಲ್ಲ, ಶೋಲಾ ಕಾಡು ಮತ್ತು ಹುಲ್ಲುಗಾವಲನ್ನು ಹೊತ್ತಿರುವುದೇ ಆ ಕಲ್ಲು ಎಂಬುದಷ್ಟೇ ನೆನಪಿರಲಿ.

ಕಾನೂನಿನ ಮಾತು ಚುಟುಕಾಗಿ ಹೇಳುತ್ತೇನೆ, ಏಕೆಂದರೆ ಹೇಳಲು ಹೆಚ್ಚಿಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಗುರುತಿಸಿದ ರಾಷ್ಟ್ರೀಯ ಸ್ಮಾರಕಗಳಲ್ಲಿ ಲಾಲ್‌ಬಾಗ್, ಚಿತ್ರದುರ್ಗ ಬಳಿಯ ಮರಡಿಹಳ್ಳಿಯ ದಿಂಬು ಲಾವಾ, ಮಲ್ಪೆ ಎದುರಿನ ಸೇಂಟ್ ಮೇರೀಸ್ ದ್ವೀಪ, ಕೋಲಾರ ಚಿನ್ನದ ಗಣಿ ಪ್ರದೇಶದ ಶಿಲೆಗಳಿವೆ. ಹಾಸನ, ಚಿಕ್ಕಮಗಳೂರು ಜಿಲ್ಲೆಗಳದು ಒಂದೂ ಇಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ. ಗೊರೂರಿನ ನೈಸ್‌ಗೂ ಕರ್ತಿಕೆರೆಯ ಪದರಕ್ಕೂ ಯೋಗ್ಯತೆಯಲ್ಲಿ ಏನೂ ಕಡಿಮೆಯಿಲ್ಲ. ಅಂಥ ತಾಣಗಳ ರಕ್ಷಣೆಗೆಂದೇ ಒಂದು ಮಸೂದೆಯ ಕರಡನ್ನು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಸಾರ್ವಜನಿಕರ ಮುಂದಿಟ್ಟಿತ್ತು. ಅದನ್ನು ನೆಚ್ಚಿಕೊಂಡು ಕೂತರೆ ನಿಮ್ಮ ಅರೆ ಉಳಿಯದು.

ಕೈಗೆ ಸಿಗುವ ದಾರಿ ಬೇರೆ ಇದೆ. ಸುಪ್ರೀಂ ಕೋರ್ಟ್ 2012ರಲ್ಲಿ ಕೊಟ್ಟ ಆದೇಶದ ನಂತರ 5 ಹೆಕ್ಟೇರಿಗಿಂತ ಚಿಕ್ಕ ಕ್ವಾರಿಗೂ ಪರಿಸರ ಅನುಮತಿ ಬೇಕು. ಗೋಮಾಳವೆಂದ ಮೇಲೆ ಕಂದಾಯ ಇಲಾಖೆಯ ಅಭಿಪ್ರಾಯವೂ ಬೇಕು. ಆಕ್ಷೇಪ ಹೇಳಬೇಕಾದದ್ದು ಈ ಹಂತಗಳಲ್ಲಿ, ಗುತ್ತಿಗೆ ಕೈಸೇರಿದ ಮೇಲಲ್ಲ. ಜೀವವೈವಿಧ್ಯ ಕಾಯ್ದೆಯ ಬಾಗಿಲೂ ಒಂದಿದೆ. ಕಡೂರು ತಾಲ್ಲೂಕಿನ ಹೊಗರೇಕಾನು ಜೀವವೈವಿಧ್ಯ ಪಾರಂಪರಿಕ ತಾಣವಾಗಿ ಘೋಷಣೆಯಾದದ್ದು ಹಾಗೆಯೇ. ಅಲ್ಲಿ ಬೆಟ್ಟವೂ ಹುಲ್ಲುಗಾವಲೂ ಒಟ್ಟಿಗೆ ಉಳಿದವು. ನಿಮ್ಮ ಅರೆಯ ಸಂದಿನ ಹುಲ್ಲು, ಮಳೆಗಾಲದ ದೊಣೆ, ಅದರ ಕಪ್ಪೆಗಳನ್ನೂ ಮಕ್ಕಳು ಪಟ್ಟಿ ಮಾಡಲಿ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿ ಕಾಗದದ ಮೇಲಾದರೂ ಇದ್ದೇ ಇರುತ್ತದೆ.

ಅರ್ಜಿ ಬರೆಯುವಾಗ "ನಮ್ಮ ಬಂಡೆ ಅತಿ ಪ್ರಾಚೀನ" ಎಂದು ಬರೆದರೆ ಅಧಿಕಾರಿ ನಕ್ಕು ಕೆಳಗಿಡುತ್ತಾರೆ. ಹಾಸನ ಜಿಲ್ಲೆಯ ಎಲ್ಲ ಬಂಡೆಯೂ ಪ್ರಾಚೀನವೇ. ಸರ್ವೆ ನಂಬರು, ಹೂತ ಕಪ್ಪು ತುಂಡು, ಮಡಿಕೆ, ಡೈಕ್ ಮೂರೂ ಒಂದೇ ಚೌಕಟ್ಟಿನಲ್ಲಿ ಕಾಣುವ ಫೋಟೋ, ಅಳತೆಗೆ ಪಕ್ಕದಲ್ಲೊಂದು ಅಡಿಕೋಲು, ಒಕ್ಕಣೆಯ ಕಣವಾಗಿದ್ದ ಕಾಲವನ್ನು ನೆನೆಯುವ ಹಿರಿಯರ ಹೇಳಿಕೆ: ಇಷ್ಟು ಇರಲಿ. ಇಡೀ ಗೋಮಾಳವನ್ನು ಕೇಳಬೇಡಿ. ಈ ಮೂರೂ ಕಾಣುವ ಭಾಗ ಒಂದೆರಡು ಎಕರೆ ಇದ್ದೀತು. ಅದನ್ನು ಬಿಟ್ಟು ಉಳಿದ ಕಡೆ ಕಲ್ಲು ತೆಗೆಯಲಿ ಎಂದು ನೀವೇ ನಕ್ಷೆ ಬರೆದು ಕೊಟ್ಟರೆ, ಊರಲ್ಲಿ ಕ್ವಾರಿ ಬೇಕೆನ್ನುವವರೂ ನಿಮ್ಮ ಜೊತೆ ಸಹಿ ಹಾಕುತ್ತಾರೆ. ಒಂದು ಪ್ರತಿ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಇನ್ನೊಂದು ಬೆಂಗಳೂರಿನ ಸರ್ವೇಕ್ಷಣಾ ಸಂಸ್ಥೆಯ ಕಚೇರಿಗೆ, ಮತ್ತೊಂದು ಮಾನಸಗಂಗೋತ್ರಿಯ ಭೂವಿಜ್ಞಾನ ವಿಭಾಗಕ್ಕೆ ಹೋಗಲಿ. ಗ್ರಾಮಸಭೆಯ ನಿರ್ಣಯದ ನಕಲನ್ನು ಮೂರಕ್ಕೂ ಲಗತ್ತಿಸಿ. ಫೋಟೋ ತೆಗೆಯಲು ಮಳೆ ನಿಂತ ಮಾರನೆಯ ಬೆಳಿಗ್ಗೆ ಹೋಗಿ; ಒದ್ದೆ ಬಂಡೆಯಲ್ಲಿ ಪಟ್ಟೆಗಳು ಎದ್ದು ಕಾಣುತ್ತವೆ. ಸುತ್ತಿಗೆ ಮಾತ್ರ ಶಾಲೆಯಲ್ಲೇ ಇರಲಿ.